ಕ್ಯಾಚ್ ಹಿಡಿಯುವವರ ಲೆಕ್ಕ: ಕಾಲೇಜ್ ಫುಟ್‌ಬಾಲ್ ಸೀಸನ್‌ಗೆ ಮುಂಚೆ ಎದುರಾಳಿ ತಂಡಗಳ ರಿಸೀವರ್‌ಗಳನ್ನು ಹೋಲಿಸುವುದು ಹೇಗೆ

ಆಗಸ್ಟ್ ಬಂತು ಅಂದ್ರೆ ಅಮೆರಿಕದ ದಕ್ಷಿಣದ ಊರುಗಳಲ್ಲಿ ಒಂದೇ ಜಗಳ. ಈ ಸಲದ ಕಾಲೇಜ್ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಯಾರ ರಿಸೀವರ್‌ಗಳು, ಅಂದ್ರೆ ಎಸೆದ ಚೆಂಡು ಹಿಡಿಯುವವರು, ಜೋರು? ನಾನಿರುವ ಅಟ್ಲಾಂಟಾದ ಆಫೀಸಿನಲ್ಲಂತೂ ಒಂದೇ ಊಟದ ಟೇಬಲ್ಲಿಗೆ ಜಾರ್ಜಿಯಾ, ಅಲಬಾಮಾ, ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಮೂರೂ ಕಾಲೇಜಿನ ಕಡೆಯವರು ಬಂದು ಕೂರುತ್ತಾರೆ. ಊಟ ಆರಿ ಹೋಗುತ್ತದೆ, ಮಾತು ಆರುವುದಿಲ್ಲ.

2019ರ ಆಗಸ್ಟ್‌ನಲ್ಲಿ ಆ ಟೇಬಲ್ಲಿನಲ್ಲೇ ನಾನೂ ಒಂದು ಹಾಳೆ ತೆಗೆದು ಪಟ್ಟಿ ಬರೆದೆ. ಅಲಬಾಮಾ ಮೊದಲನೆಯದು. ಎಲ್‌ಎಸ್‌ಯು ನಾಲ್ಕನೆಯದು. ಐದು ತಿಂಗಳಲ್ಲಿ ಅದೇ ಎಲ್‌ಎಸ್‌ಯು 15ಕ್ಕೆ 15 ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವರು) ಜೋ ಬರೋ 60 ಟಚ್‌ಡೌನ್ ಪಾಸ್, ಅಂದ್ರೆ ನೇರ ಸ್ಕೋರ್ ತಂದುಕೊಟ್ಟ ಪಾಸ್, ಎಸೆದಿದ್ದರು. ನನ್ನ ಹಾಳೆಯನ್ನು ಟೇಬಲ್ಲಿನವರು ಇವತ್ತಿಗೂ ಮರೆತಿಲ್ಲ.

ಆ ಹಾಳೆಯನ್ನು ಮತ್ತೆ ಮತ್ತೆ ನೋಡಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಲಿಯೋಕೆ 2019 ಒಳ್ಳೆಯ ವರ್ಷ. ಯಾಕೆ ಅಂದ್ರೆ ಅಲಬಾಮಾದ ಟುವಾ ಟಗೊವೈಲೋವಾ, ಎಲ್‌ಎಸ್‌ಯುನ ಬರೋ, ಜಾರ್ಜಿಯಾದ ಜೇಕ್ ಫ್ರಾಮ್, ಮೂವರೂ ಹಿಂದಿನ ವರ್ಷವೂ ಅದೇ ತಂಡಕ್ಕೆ ಆಡಿದವರು. ಎಸೆಯುವ ಕೈ ಮೂರೂ ಕಡೆ ಹಳೆಯದೇ. ಬದಲಾದದ್ದು ಬೇರೆ ಏನೋ. ಆ ಬೇರೆ ಏನೋ ಎಂಬುದನ್ನು ಆಗಸ್ಟ್‌ನಲ್ಲೇ ಹಿಡಿಯಬಹುದಿತ್ತಾ? ಪೂರ್ತಿ ಅಲ್ಲದಿದ್ದರೂ ಅರ್ಧ ಹಿಡಿಯಬಹುದಿತ್ತು.

ಮೊದಲು: ಯಾರನ್ನು ಎಣಿಸಬೇಕು?

ಹನ್ನೊಂದು ಜನರಲ್ಲಿ ಐವರು ಲೈನ್‌ನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವರು. ಒಬ್ಬ ಕ್ವಾರ್ಟರ್‌ಬ್ಯಾಕ್. ಉಳಿದ ಐವರಲ್ಲಿ ಯಾರು ಬೇಕಾದರೂ ಪಾಸ್ ಹಿಡಿಯಬಹುದು. ಹೊರಗೆ ಅಂಚಿನಲ್ಲಿ ನಿಲ್ಲುವ ವೈಡ್ ರಿಸೀವರ್, ಸ್ವಲ್ಪ ಒಳಗೆ ನಿಲ್ಲುವ ಸ್ಲಾಟ್ ರಿಸೀವರ್, ಲೈನ್‌ಗೆ ಅಂಟಿಕೊಂಡಿರುವ ದಪ್ಪ ಮೈಕಟ್ಟಿನ ಟೈಟ್ ಎಂಡ್, ಹಿಂದೆ ನಿಲ್ಲುವ ರನ್ನಿಂಗ್ ಬ್ಯಾಕ್.

ಬಹಳ ಜನ ವೈಡ್ ರಿಸೀವರ್‌ಗಳ ಹೆಸರಷ್ಟೇ ಬರೆದು ಹೋಲಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. 2019ರ ಎಲ್‌ಎಸ್‌ಯುನಲ್ಲಿ ರನ್ನಿಂಗ್ ಬ್ಯಾಕ್ ಕ್ಲೈಡ್ ಎಡ್ವರ್ಡ್ಸ್ ಹೆಲೇರ್ ಒಬ್ಬರೇ 55 ಪಾಸ್ ಹಿಡಿದರು. ಟೈಟ್ ಎಂಡ್ ಥ್ಯಾಡಿಯಸ್ ಮಾಸ್ 47. ಇಬ್ಬರ ಹೆಸರೂ ನನ್ನ ಹಾಳೆಯಲ್ಲಿ ಇರಲೇ ಇಲ್ಲ.

ಇದಕ್ಕೆ ತಿರುವುಮುರುವಾದ ಉದಾಹರಣೆ 2024ರ ಪೆನ್ ಸ್ಟೇಟ್. ಅವರ ಟೈಟ್ ಎಂಡ್ ಟೈಲರ್ ವಾರನ್ ಆ ಸೀಸನ್‌ನಲ್ಲಿ 104 ಕ್ಯಾಚ್, 1,233 ಯಾರ್ಡ್ (ಆ ಕ್ಯಾಚ್‌ಗಳಿಂದ ತಂಡ ಮುಂದೆ ಸಾಗಿದ ದೂರ) ಮಾಡಿದರು. ಟೈಟ್ ಎಂಡ್ ಒಬ್ಬರಿಗೆ ಇದು ತೀರಾ ಅಪರೂಪದ ಲೆಕ್ಕ. ಆದರೆ 2025ರ ಜನವರಿಯಲ್ಲಿ ಆರೆಂಜ್ ಬೌಲ್ ಸೆಮಿಫೈನಲ್‌ನಲ್ಲಿ ನೋಟರ್ ಡೇಮ್ ಎದುರು ಏನಾಯಿತು ಗೊತ್ತಾ? ಪೆನ್ ಸ್ಟೇಟ್‌ನ ವೈಡ್ ರಿಸೀವರ್‌ಗಳೆಲ್ಲ ಸೇರಿ ಹಿಡಿದ ಪಾಸ್ ಸೊನ್ನೆ. ಒಂದೂ ಇಲ್ಲ. 27–24ಕ್ಕೆ ಸೋತರು. ಹಾಗಾಗಿ ಹಾಳೆಯಲ್ಲಿ ಮೂರು ಗುಂಪು ಮಾಡಿಕೊಳ್ಳಿ: ವೈಡ್ ಮತ್ತು ಸ್ಲಾಟ್ ಒಟ್ಟಿಗೆ, ಟೈಟ್ ಎಂಡ್ ಬೇರೆ, ರನ್ನಿಂಗ್ ಬ್ಯಾಕ್ ಬೇರೆ. ಒಟ್ಟು ಮೊತ್ತ ದೊಡ್ಡದಾಗಿ ಕಂಡರೂ ಒಂದು ಗುಂಪು ಖಾಲಿ ಇದ್ದರೆ ಆಗ ಕಣ್ಣಿಗೆ ಬೀಳುತ್ತದೆ.

ಆಮೇಲೆ: ಹೋದವರ ಹೆಸರಿಗೆ ಗೀಟು

ಹೋದ ವರ್ಷದ ಅಂಕಿಅಂಶ ತೆಗೆಯಿರಿ. ಕಾಲೇಜಿನ ಅಥ್ಲೆಟಿಕ್ಸ್ ವೆಬ್‌ಸೈಟಿನಲ್ಲೇ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಪ್ರತಿ ತಂಡದಲ್ಲೂ ಜಾಸ್ತಿ ಯಾರ್ಡ್ ಗಳಿಸಿದ ಮೊದಲ ಆರು ಜನರ ಕ್ಯಾಚ್, ಯಾರ್ಡ್, ಟಚ್‌ಡೌನ್ ಬರೆಯಿರಿ. ಈಗ ಹೊಸ ರೋಸ್ಟರ್ (ಆಟಗಾರರ ಪಟ್ಟಿ) ತೆಗೆದು, ಡ್ರಾಫ್ಟ್‌ಗೆ (ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಆಟಗಾರರ ಆಯ್ಕೆಗೆ) ಹೋದವರು, ಓದು ಮುಗಿಸಿದವರು, ಬೇರೆ ಕಾಲೇಜಿಗೆ ಹಾರಿದವರು, ಎಲ್ಲರ ಹೆಸರಿಗೂ ಗೀಟು ಹಾಕಿ. ಉಳಿದ ಯಾರ್ಡ್ ಒಟ್ಟಿನಲ್ಲಿ ಎಷ್ಟು ಪಾಲು ಅಂತ ಲೆಕ್ಕ ಹಾಕಿ.

2019ರ ಅಲಬಾಮಾ ನೋಡಿ. 2018ರಲ್ಲಿ ಜೆರ್ರಿ ಜ್ಯೂಡಿ 1,315 ಯಾರ್ಡ್, ಜೇಲನ್ ವಾಡಲ್ 848, ಹೆನ್ರಿ ರಗ್ಸ್ 741, ಟೈಟ್ ಎಂಡ್ ಅರ್ವ್ ಸ್ಮಿತ್ ಜೂನಿಯರ್ 710, ಡೆವಾಂಟಾ ಸ್ಮಿತ್ 693. ಹೋದದ್ದು ಅರ್ವ್ ಸ್ಮಿತ್ ಮಾತ್ರ. ಈ ಐವರ 4,307 ಯಾರ್ಡ್‌ಗಳಲ್ಲಿ 3,597 ಉಳಿಯಿತು, ಅಂದ್ರೆ ಶೇ 83ಕ್ಕಿಂತ ಜಾಸ್ತಿ. ಉಳಿದ ನಾಲ್ವರೂ ಮುಂದೆ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋದವರು. ಇವರನ್ನು ಮೊದಲ ಸ್ಥಾನದಲ್ಲಿ ಇಟ್ಟಿದ್ದರಲ್ಲಿ ನನ್ನ ತಪ್ಪೇನೂ ಇಲ್ಲ.

ಜಾರ್ಜಿಯಾ ಕಥೆ ಬೇರೆ. 2018ರಲ್ಲಿ ಅವರ ಕಡೆ ಅತಿ ಹೆಚ್ಚು ಯಾರ್ಡ್ ಗಳಿಸಿದ್ದ ರೈಲಿ ರಿಡ್ಲಿ, ಮೆಕೋಲ್ ಹಾರ್ಡ್‌ಮನ್ ಇಬ್ಬರೂ ಹೋದರು. ಟೈಟ್ ಎಂಡ್ ಐಸಾಕ್ ನೌಟಾ ಹೋದರು. ಟೆರ್ರಿ ಗಾಡ್ವಿನ್ ಹೋದರು. ಗೀಟು ಎಳೆದು ಎಳೆದು ಪೆನ್ನು ಸವೆಯಬೇಕು, ಅಷ್ಟು. ಆದರೂ ಟೇಬಲ್ಲಿನ ಜಾರ್ಜಿಯಾ ಅಭಿಮಾನಿ “ಫ್ರಾಮ್ ಇದ್ದಾನಲ್ಲ, ಯಾರು ಹಿಡಿದರೇನು” ಅಂತಲೇ ಇದ್ದರು. ನಾನೂ ತಲೆಯಾಡಿಸಿದೆ. ಫ್ರಾಮ್ 2018ರಲ್ಲಿ ನೂರಕ್ಕೆ 67 ಪಾಸ್ ತಲುಪಿಸಿದ್ದರು, 30 ಟಚ್‌ಡೌನ್. 2019ರಲ್ಲಿ ಅದು ನೂರಕ್ಕೆ 61ರ ಹತ್ತಿರ ಇಳಿಯಿತು, 24 ಟಚ್‌ಡೌನ್. ಕೈ ಅದೇ. ಆದರೆ ರಿಸೀವರ್ ಯಾವ ಹೆಜ್ಜೆಯಲ್ಲಿ ತಿರುಗುತ್ತಾನೆ ಅಂತ ಗೊತ್ತಿದ್ದರೆ ಮಾತ್ರ ಕ್ವಾರ್ಟರ್‌ಬ್ಯಾಕ್ ಅವನು ತಿರುಗುವ ಮುಂಚೆಯೇ ಚೆಂಡು ಬಿಡಬಹುದು. ಆ ಹೊಂದಾಣಿಕೆ ಹೊಸಬರ ಜೊತೆ ಸೆಪ್ಟೆಂಬರ್‌ಗೆ ರೆಡಿ ಆಗುವುದಿಲ್ಲ. ಅಟ್ಯಾಕ್ ನಡೆಸುವ ಕೋಚ್ ಕೂಡ ಆ ವರ್ಷ ಹೊಸಬರು ಅನ್ನುವುದನ್ನೂ ಸೇರಿಸಿಕೊಳ್ಳಿ.

ಒಂದು ಎಚ್ಚರಿಕೆ. ಗೀಟು ಹಾಕುವ ಲೆಕ್ಕ ತಂಡದ ಒಳಗಿನ ಕ್ರಮಾಂಕವನ್ನು ಹೇಳುವುದಿಲ್ಲ. ಅಲಬಾಮಾದ ನಾಲ್ವರಲ್ಲಿ ಕೊನೆಗಿದ್ದ ಡೆವಾಂಟಾ ಸ್ಮಿತ್ 2019ರಲ್ಲಿ 1,256 ಯಾರ್ಡ್ ಮಾಡಿ ಎಲ್ಲರಿಗಿಂತ ಮುಂದೆ ಹೋದರು. 2020ರಲ್ಲಿ 1,856 ಯಾರ್ಡ್, 23 ಟಚ್‌ಡೌನ್, ಜೊತೆಗೆ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ. 1991ರ ಡೆಸ್ಮಂಡ್ ಹೊವರ್ಡ್ ಆದ ಮೇಲೆ ಅದನ್ನು ಗೆದ್ದ ಮೊದಲ ವೈಡ್ ರಿಸೀವರ್ ಅವರೇ.

ಮೂರನೆಯದು: ಯಾರ್ಡ್ ನೋಡಬೇಡಿ, ಪಾಲು ನೋಡಿ

ನನ್ನ ಮಟ್ಟಿಗೆ ಇದೇ ಮುಖ್ಯ ಹಂತ. ಇಲ್ಲೇ ನಾನು ಎಡವಿದ್ದು.

ಒಬ್ಬ ರಿಸೀವರ್‌ನ ಯಾರ್ಡ್ ಅವನೊಬ್ಬನ ದುಡಿಮೆ ಅಲ್ಲ. ತಂಡ ಪಂದ್ಯಕ್ಕೆ 40 ಸಲ ಎಸೆಯುತ್ತಾ, 25 ಸಲ ಎಸೆಯುತ್ತಾ ಅನ್ನುವುದರ ಮೇಲೆ ಅದು ನಿಂತಿದೆ. ಸೀಸನ್ನಿನ ಉದ್ದವೂ ಒಂದೇ ಅಲ್ಲ. ಎಲ್ಲರಿಗೂ 12 ಪಂದ್ಯ ಇರುತ್ತದೆ. ಲೀಗ್ ಫೈನಲ್, ಬೌಲ್ (ಸೀಸನ್ ಕೊನೆಯ ವಿಶೇಷ ಪಂದ್ಯ), ಪ್ಲೇಆಫ್ ಅಂತ ಮುಂದೆ ಹೋದವರಿಗೆ ಇನ್ನಷ್ಟು. 2018ರಲ್ಲಿ ಅಲಬಾಮಾ 15 ಪಂದ್ಯ ಆಡಿತು, ಎಲ್‌ಎಸ್‌ಯು 13. ಬರೀ ಮೊತ್ತ ಹೋಲಿಸಿದರೆ ಅಲ್ಲೇ ಮೋಸ.

ಎಲ್‌ಎಸ್‌ಯುನ ಜಸ್ಟಿನ್ ಜೆಫರ್ಸನ್ 2018ರಲ್ಲಿ 54 ಕ್ಯಾಚ್, 875 ಯಾರ್ಡ್ ಮಾಡಿದ್ದರು. ಜ್ಯೂಡಿಯ 1,315ರ ಪಕ್ಕ ಇಟ್ಟರೆ ಸಪ್ಪೆ. ನಾನೂ “ಪರವಾಗಿಲ್ಲ” ಅಂತ ಬರೆದು ಮುಂದೆ ಹೋದೆ. ಈಗ ಪಾಲು ಲೆಕ್ಕ ಹಾಕೋಣ. ಆ ವರ್ಷ ಅಲಬಾಮಾ ಪಾಸ್‌ನಲ್ಲಿ ಗಳಿಸಿದ್ದು 4,800 ಯಾರ್ಡ್‌ಗೂ ಜಾಸ್ತಿ. ಜ್ಯೂಡಿ ಪಾಲು ಸುಮಾರು ಶೇ 27. ಎಲ್‌ಎಸ್‌ಯು ಗಳಿಸಿದ್ದು 3,000ಕ್ಕಿಂತ ಸ್ವಲ್ಪ ಕಮ್ಮಿ. ಜೆಫರ್ಸನ್ ಪಾಲು ಸುಮಾರು ಶೇ 29! ಅಂದ್ರೆ ದೇಶದ ಅತ್ಯುತ್ತಮ ರಿಸೀವರ್ ಪ್ರಶಸ್ತಿ ಗೆದ್ದ ಜ್ಯೂಡಿ ತನ್ನ ತಂಡದಲ್ಲಿ ಹೊತ್ತಷ್ಟೇ ಭಾರವನ್ನು, ಇನ್ನೊಂದು ಚೂರು ಜಾಸ್ತಿಯನ್ನೇ, ಜೆಫರ್ಸನ್ ತನ್ನ ತಂಡದಲ್ಲಿ ಹೊತ್ತಿದ್ದ. ತಪ್ಪಲೆ ಚಿಕ್ಕದಿತ್ತು, ಬಡಿಸಿಕೊಂಡದ್ದು ಕಮ್ಮಿ ಇರಲಿಲ್ಲ.

ಮರುವರ್ಷ ತಪ್ಪಲೆ ದೊಡ್ಡದಾಯಿತು. ಜೆಫರ್ಸನ್ 111 ಕ್ಯಾಚ್, 1,540 ಯಾರ್ಡ್, 18 ಟಚ್‌ಡೌನ್.

ಕೈಗೆ ಸಿಕ್ಕರೆ ಇನ್ನೊಂದು ಲೆಕ್ಕ ನೋಡಿ. ಓಡಿದ ಪ್ರತಿ ರೂಟ್‌ಗೆ (ಪಾಸ್‌ಗಾಗಿ ರಿಸೀವರ್ ಓಡುವ ನಿಗದಿತ ದಾರಿ) ಎಷ್ಟು ಯಾರ್ಡ್ ಬಂತು ಅನ್ನುವುದು. ಉದಾಹರಣೆಗೆ, ಒಬ್ಬ 400 ರೂಟ್ ಓಡಿ 800 ಯಾರ್ಡ್ ಮಾಡಿದ, ಇನ್ನೊಬ್ಬ 200 ಓಡಿ 500 ಮಾಡಿದ ಅಂದುಕೊಳ್ಳಿ. ಮೊದಲನೆಯವನದು ರೂಟ್‌ಗೆ 2, ಎರಡನೆಯವನದು 2.5. ಎರಡನೆಯವನಿಗೆ ಅವಕಾಶ ಸಿಕ್ಕರೆ ಏನಾಗಬಹುದು ಅಂತ ಪಕ್ಕದಲ್ಲಿ ಬರೆದಿಡಿ. ಡ್ರಾಪ್‌ಗಳ (ಕೈಗೆ ಬಂದೂ ಬಿಟ್ಟ ಪಾಸ್‌ಗಳ) ಅಂಕಿಗೆ ಮಾತ್ರ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಯಾವುದು ಡ್ರಾಪ್ ಅಂತ ಎಣಿಸುವವರ ಕಣ್ಣು ಒಬ್ಬೊಬ್ಬರದು ಒಂದೊಂದು ಥರ.

ನಾಲ್ಕನೆಯದು: ಆಟ ಕಟ್ಟುವವರು ಯಾರು?

ಕ್ವಾರ್ಟರ್‌ಬ್ಯಾಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೋಚ್‌ಗಳ ಪಟ್ಟಿಯನ್ನು ಯಾರೂ ತೆಗೆದು ನೋಡುವುದಿಲ್ಲ. 2019ರ ಆರಂಭದಲ್ಲಿ ಎಲ್‌ಎಸ್‌ಯು ಜೋ ಬ್ರೇಡಿ ಎಂಬ 29ರ ಹುಡುಗನನ್ನು ನ್ಯೂ ಆರ್ಲೀನ್ಸ್ ಸೇಂಟ್ಸ್ ತಂಡದಿಂದ ಕರೆತಂದಿತು. ಪಾಸ್ ಆಟದ ಯೋಜನೆ ಮತ್ತು ರಿಸೀವರ್‌ಗಳ ಕೋಚಿಂಗ್ ಎರಡೂ ಅವರ ಕೈಗೆ ಬಂತು. ಅದು ನನಗೆ ಗೊತ್ತಿತ್ತು. ಆದರೆ “ಎಲ್‌ಎಸ್‌ಯು ಅಂದ್ರೆ ಚೆಂಡು ಎಸೆಯದೆ ಹಿಡಿದು ಓಡುವ ಓಟದ ಆಟ, ಯಾರು ಬಂದರೂ ಬದಲಾಗಲ್ಲ” ಅಂತ ಸುಮ್ನೆ ಬಿಟ್ಟೆ. ಹಳೆಯ ಹಣೆಪಟ್ಟಿಯನ್ನೇ ನಂಬಿ ಕೂತರೆ ಹೀಗೇ ಆಗೋದು.

ಸುಳಿವು ಅದಕ್ಕೂ ಮುಂಚೆಯೇ ಇತ್ತು. 2019ರ ಜನವರಿ 1ರ ಫಿಯೆಸ್ಟಾ ಬೌಲ್. ಅದು 2018ರ ಸೀಸನ್ನಿನ ಕೊನೆಯ ಪಂದ್ಯ, ಎದುರಾಳಿ ಯುಸಿಎಫ್ (ಯೂನಿವರ್ಸಿಟಿ ಆಫ್ ಸೆಂಟ್ರಲ್ ಫ್ಲಾರಿಡಾ). ಇಡೀ ಸೀಸನ್‌ನಲ್ಲಿ ಬರೀ 16 ಟಚ್‌ಡೌನ್ ಪಾಸ್ ಎಸೆದ ಬರೋ, ಅದರಲ್ಲಿ ನಾಲ್ಕನ್ನು ಆ ಒಂದೇ ಪಂದ್ಯದಲ್ಲಿ ಎಸೆದರು, 394 ಯಾರ್ಡ್ ಜೊತೆಗೆ. ಆ ನಾಲ್ಕರಲ್ಲಿ ಎರಡು ಜೆಫರ್ಸನ್‌ಗೆ. ಇನ್ನೊಂದು ಜಮಾರ್ ಚೇಸ್ ಎಂಬ ಮೊದಲ ವರ್ಷದ ಹುಡುಗನಿಗೆ. ಹೀಗಾಗಿ ನಾನೀಗ ಹಿಂದಿನ ಸೀಸನ್ನಿನ ಕೊನೆಯ ನಾಲ್ಕು ಪಂದ್ಯಗಳ ಲೆಕ್ಕವನ್ನು ಬೇರೆಯಾಗಿ ಬರೆಯುತ್ತೇನೆ. ಸೆಪ್ಟೆಂಬರ್‌ನ ಹುಡುಗ ಬೇರೆ, ಡಿಸೆಂಬರ್‌ನ ಹುಡುಗ ಬೇರೆ.

ಐದನೆಯದು: ಹೊಸಬರು ಮತ್ತು ವಲಸೆ ಬಂದವರು

ಹೈಸ್ಕೂಲಿನಿಂದ ಐದು ಸ್ಟಾರ್ (ಅತಿ ಹೆಚ್ಚಿನ ರೇಟಿಂಗ್) ಹೊತ್ತು ಬಂದ ಹುಡುಗ ಮೊದಲ ವರ್ಷವೇ ಮಿಂಚುತ್ತಾನಾ? ಕೆಲವರು ಮಿಂಚುತ್ತಾರೆ. 2024ರಲ್ಲಿ ಒಹಾಯೋ ಸ್ಟೇಟ್‌ನ ಜೆರಮೈಯಾ ಸ್ಮಿತ್ ಮೊದಲ ವರ್ಷವೇ 76 ಕ್ಯಾಚ್, 1,315 ಯಾರ್ಡ್, 15 ಟಚ್‌ಡೌನ್ ಮಾಡಿದರು. ವಿಚಿತ್ರ ನೋಡಿ, ಜ್ಯೂಡಿ 2018ರಲ್ಲಿ ಮಾಡಿದ್ದೂ ಸರಿಯಾಗಿ 1,315. 2019ರ ಜಾರ್ಜಿಯಾದಲ್ಲೂ ಎಲ್ಲರಿಗಿಂತ ಜಾಸ್ತಿ ಯಾರ್ಡ್ ಗಳಿಸಿದ್ದು ಹೊಸಬ ಜಾರ್ಜ್ ಪಿಕೆನ್ಸ್, 727. ಆದರೆ ಜಮಾರ್ ಚೇಸ್ ಅಂಥವರೇ ಮೊದಲ ವರ್ಷ 23 ಕ್ಯಾಚ್, 313 ಯಾರ್ಡ್‌ಗೆ ನಿಂತಿದ್ದರು. ಹೊಸಬರಿಗೆ ನಾನು ಹಾಕುವ ಅಂಕ ಅರ್ಧ. ಎರಡನೇ ವರ್ಷಕ್ಕೆ ಕಾಲಿಡುತ್ತಿರುವವರ ಹೆಸರಿನ ಕೆಳಗೆ ಮಾತ್ರ ಗೆರೆ ಎಳೆಯುತ್ತೇನೆ. ಎಲ್ಲರ ಕಣ್ಣು ಹೊಸ ಮುಖದ ಮೇಲೆ ಇರುವಾಗ ಇವರು ಒಂದು ವರ್ಷ ಜಿಮ್‌ನಲ್ಲಿ ಬೆವರು ಸುರಿಸಿ, ಪ್ಲೇಬುಕ್ ಕಲಿತು ಬಂದಿರುತ್ತಾರೆ.

ವರ್ಗಾವಣೆ ಹಿಂದೆ ಅಪರೂಪ. ಬೇರೆ ಕಾಲೇಜಿಗೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. 2018ರ ಅಕ್ಟೋಬರ್‌ನಲ್ಲಿ ಕಾಲೇಜು ಬದಲಿಸುವವರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು, 2021ರಲ್ಲಿ ಒಂದು ಸಲ ಕೂರದೆ ಹೋಗಬಹುದು ಅನ್ನುವ ನಿಯಮವೂ ಬಂತು. ಅಲ್ಲಿಂದ ಆಗಸ್ಟ್ ರೋಸ್ಟರ್ ಅಂದ್ರೆ ಅರ್ಧ ಹೊಸ ಹೆಸರುಗಳೇ. ವಲಸೆ ಬಂದವನನ್ನು ಅಳೆಯುವಾಗ ಅವನು ಹಿಂದೆ ಎಷ್ಟು ಯಾರ್ಡ್ ಮಾಡಿದ ಅನ್ನುವುದಕ್ಕಿಂತ ಯಾರ ಹಿಂದೆ ಸಾಲಿನಲ್ಲಿ ನಿಂತಿದ್ದ ಅಂತ ಕೇಳಿ. ಜೇಮ್ಸನ್ ವಿಲಿಯಮ್ಸ್ ಒಹಾಯೋ ಸ್ಟೇಟ್‌ನಲ್ಲಿ ಎರಡು ವರ್ಷಕ್ಕೆ ಹಿಡಿದದ್ದು ಒಟ್ಟು 15 ಕ್ಯಾಚ್. ಮುಂದೆ ನಿಂತಿದ್ದವರು ಕ್ರಿಸ್ ಒಲಾವೆ, ಗ್ಯಾರೆಟ್ ವಿಲ್ಸನ್. 2021ರಲ್ಲಿ ಅಲಬಾಮಾಗೆ ಹೋದರು, 1,572 ಯಾರ್ಡ್, 15 ಟಚ್‌ಡೌನ್. ತಮಾಷೆ ಏನಪ್ಪಾ ಅಂದ್ರೆ, 2022ರ ಡ್ರಾಫ್ಟ್‌ನಲ್ಲಿ 10ನೇ ಆಯ್ಕೆ ವಿಲ್ಸನ್, 11 ಒಲಾವೆ, 12 ಅದೇ ವಿಲಿಯಮ್ಸ್.

ಆರನೆಯದು: ಮೂರನೆಯವನು ಯಾರು, ಐದನೆಯವನು ಯಾರು

ತಾರೆಯರ ಹೆಸರು ಎಲ್ಲರಿಗೂ ಬಾಯಿಪಾಠ. ನೀವು ಐದನೆಯವನ ಹೆಸರು ಕೇಳಿ. ಅಭಿಮಾನಿ ತಡವರಿಸಿದರೆ ಆ ತಂಡದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ.

2021ರ ಡಿಸೆಂಬರ್‌ನಲ್ಲಿ ಇದೇ ಅಟ್ಲಾಂಟಾದಲ್ಲಿ ದಕ್ಷಿಣದ ತಂಡಗಳ ಲೀಗ್ ಎಸ್‌ಇಸಿಯ ಫೈನಲ್ ನಡೆಯಿತು. ಅಲಬಾಮಾ 41–24ಕ್ಕೆ ಜಾರ್ಜಿಯಾವನ್ನು ಬಡಿಯಿತು. ವಿಲಿಯಮ್ಸ್ ಒಬ್ಬರೇ 184 ಯಾರ್ಡ್. ಆದರೆ ಅದೇ ಪಂದ್ಯದಲ್ಲಿ ಇನ್ನೊಬ್ಬ ಮುಖ್ಯ ರಿಸೀವರ್ ಜಾನ್ ಮೆಚಿಯ ಮಂಡಿಯ ಲಿಗಮೆಂಟ್ ಹರಿಯಿತು. ಐದು ವಾರ ಬಿಟ್ಟು ರಾಷ್ಟ್ರೀಯ ಫೈನಲ್‌ನಲ್ಲಿ ಮತ್ತೆ ಅವೇ ಎರಡು ತಂಡ. ಎರಡನೇ ಕ್ವಾರ್ಟರ್‌ನಲ್ಲಿ ವಿಲಿಯಮ್ಸ್ 40 ಯಾರ್ಡ್‌ನ ಒಂದು ಪಾಸ್ ಹಿಡಿದು ತಿರುಗುವಾಗ ಅವರ ಮಂಡಿಯೂ ಹೋಯಿತು, ಯಾರೂ ತಾಗಿರಲಿಲ್ಲ. ಅಲ್ಲಿಂದ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಎಸೆಯುತ್ತಲೇ ಹೋದರು, ಹಿಡಿಯುವವರಿಗೆ ಅನುಭವ ಇರಲಿಲ್ಲ. ಜಾರ್ಜಿಯಾ 33–18ಕ್ಕೆ ಗೆದ್ದಿತು.

ಮರುವರ್ಷ ಒಹಾಯೋ ಸ್ಟೇಟ್‌ಗೂ ಇಂಥದೇ ಪೆಟ್ಟು. ಹಿಂದಿನ ವರ್ಷ 1,606 ಯಾರ್ಡ್ ಮಾಡಿದ್ದ ಜ್ಯಾಕ್ಸನ್ ಸ್ಮಿತ್ ಎನ್‌ಜಿಗ್ಬಾ ತೊಡೆಯ ಹಿಂಬದಿಯ ಸ್ನಾಯು ನೋವಿನಿಂದ ಇಡೀ 2022ರಲ್ಲಿ ಹಿಡಿದದ್ದು ಬರೀ ಐದು ಕ್ಯಾಚ್. ಆದರೆ ಅಲ್ಲಿ ಕುಸಿತ ಆಗಲಿಲ್ಲ. ಸಾಲಿನಲ್ಲಿ ನಿಂತಿದ್ದ ಮಾರ್ವಿನ್ ಹ್ಯಾರಿಸನ್ ಜೂನಿಯರ್, ಎಮೆಕಾ ಎಗ್ಬುಕಾ ಇಬ್ಬರೂ ಸಾವಿರ ಯಾರ್ಡ್ ದಾಟಿದರು.

ಕಣ್ಣಿನಿಂದ ನೋಡುವ ಕೆಲಸ

ಪ್ರತಿ ತಂಡದ ಒಂದು ಹಳೆಯ ಪಂದ್ಯವನ್ನಾದರೂ ಪೂರ್ತಿ ನೋಡಿ. ಹೈಲೈಟ್ಸ್ ಬೇಡ, ಅದರಲ್ಲಿ ಎಲ್ಲರೂ ಹುಲಿಗಳೇ. ಚೆಂಡನ್ನು ಬಿಟ್ಟು ಒಬ್ಬ ರಿಸೀವರ್‌ನ ಪಾದ ನೋಡಿ. ಎದುರಿಗೆ ನಿಂತ ಕಾರ್ನರ್‌ಬ್ಯಾಕ್‌ನಿಂದ (ರಿಸೀವರ್‌ನನ್ನು ತಡೆಯುವ ಎದುರಾಳಿಯಿಂದ) ಮೊದಲ ಮೂರು ಹೆಜ್ಜೆಯಲ್ಲಿ ಬಿಡಿಸಿಕೊಳ್ಳುತ್ತಾನಾ? ಡೆವಾಂಟಾ ಸ್ಮಿತ್ ಕಡ್ಡಿ ಹಾಗಿದ್ದರು. ಆದರೂ ಅವರನ್ನು ಯಾರೂ ಕೈಯಲ್ಲಿ ಹಿಡಿದು ನಿಲ್ಲಿಸಲಾಗುತ್ತಿರಲಿಲ್ಲ, ಅಲ್ಲಿ ಹಿಡಿಯೋಕೆ ಏನೂ ಉಳಿದಿರುತ್ತಿರಲಿಲ್ಲ. ಒಂದು ಭುಜ ತೋರಿಸಿ ಇನ್ನೊಂದು ಕಡೆ ಜಾರಿಬಿಡುತ್ತಿದ್ದರು. ಆಮೇಲೆ ಕೈ ನೋಡಿ. ಚೆಂಡು ಎದೆಗೆ ಬಡಿದ ಮೇಲೆ ತಬ್ಬಿಕೊಳ್ಳುತ್ತಾನಾ, ಮುಂದಕ್ಕೆ ಕೈ ಚಾಚಿ ಬೆರಳಲ್ಲಿ ಹಿಡಿಯುತ್ತಾನಾ? ಕೊನೆಗೆ, ಓಟದ ಆಟ ನಡೆದಾಗ ಅವನು ಬ್ಲಾಕ್ ಮಾಡುತ್ತಾನಾ, ನಿಂತು ನೋಡುತ್ತಾನಾ?

ಏಪ್ರಿಲ್‌ನ ಸ್ಪ್ರಿಂಗ್ ಗೇಮ್ (ತಂಡ ತನ್ನೊಳಗೇ ಆಡುವ ಅಭ್ಯಾಸ ಪಂದ್ಯ) ನೋಡಿ, ಆದರೆ ನಂಬಬೇಡಿ. ಅಲ್ಲಿ ಕ್ವಾರ್ಟರ್‌ಬ್ಯಾಕ್‌ನನ್ನು ಯಾರೂ ಮುಟ್ಟುವ ಹಾಗಿಲ್ಲ. ಎದುರಿಗಿರುವ ಕಾರ್ನರ್‌ಬ್ಯಾಕ್ ಮೂರನೇ ಸಾಲಿನವನು. ಅಲ್ಲಿ ಮಿಂಚಿದ ಹುಡುಗ ಅಕ್ಟೋಬರ್‌ನಲ್ಲಿ ಬೆಂಚ್ ಮೇಲೆ ಕೂತದ್ದನ್ನು ಎಷ್ಟು ಸಲ ನೋಡಿಲ್ಲ! ಊರಿನಿಂದ ನೋಡುವವರಿಗೆ ಒಂದು ಮಾತು: ಸೀಸನ್ ಶುರುವಾದ ಮೇಲೆ ಇಲ್ಲಿ ಶನಿವಾರ ಮಧ್ಯಾಹ್ನ 3.30ರ ಪಂದ್ಯ ನಿಮಗೆ ಭಾನುವಾರ ಬೆಳಗಿನ ಜಾವ 1 ಗಂಟೆಗೆ ಬರುತ್ತದೆ, ನವೆಂಬರ್‌ನಲ್ಲಿ ಗಡಿಯಾರ ಬದಲಾದ ಮೇಲೆ 2 ಗಂಟೆಗೆ.

ಕೊನೆಗೆ: ಮೆಟ್ಟಿಲು ಮಾಡಿ, ರ‍್ಯಾಂಕ್ ಬೇಡ

ಒಂದು, ಎರಡು, ಮೂರು ಅಂತ ಕೊಟ್ಟರೆ ಮೂರಕ್ಕೂ ನಾಲ್ಕಕ್ಕೂ ಇಲ್ಲದ ಅಂತರ ಇದ್ದಂತೆ ಕಾಣುತ್ತದೆ. ಮೂರು ಮೆಟ್ಟಿಲು ಮಾಡಿ. ಮೇಲಿನದರಲ್ಲಿ ಈಗಾಗಲೇ ಮಾಡಿ ತೋರಿಸಿದವರು. ನಡುವಿನದರಲ್ಲಿ ಪಾಲು ಚೆನ್ನಾಗಿದ್ದು ತಪ್ಪಲೆ ದೊಡ್ಡದಾಗಬಹುದಾದವರು. ಕೆಳಗೆ ಉಳಿದವರು. ಇವತ್ತಿನ ಲೆಕ್ಕದಲ್ಲಿ ನೋಡಿದರೆ 2019ರ ಆಗಸ್ಟ್‌ನಲ್ಲಿ ಅಲಬಾಮಾ ಮೇಲೆ, ಎಲ್‌ಎಸ್‌ಯು ನಡುವೆ, ಜಾರ್ಜಿಯಾ ಕೆಳಗೆ. ಎಲ್‌ಎಸ್‌ಯು ಎಲ್ಲರನ್ನೂ ದಾಟುತ್ತದೆ ಅಂತ ಹೇಳೋಕೆ ಆಗಲೂ ಆಗುತ್ತಿರಲಿಲ್ಲ. ದಾಟಬಹುದಾದ ತಂಡ ಯಾವುದು ಅಂತ ಮಾತ್ರ ಹೇಳಬಹುದಿತ್ತು.

ಅಲಬಾಮಾ ಕೆಟ್ಟು ಹೋಗಲಿಲ್ಲ ಅನ್ನುವುದನ್ನೂ ನೆನಪಿಡಿ. ಆ ನಾಲ್ವರು 2018ರಲ್ಲಿ 3,597 ಯಾರ್ಡ್ ಮಾಡಿದ್ದರು, 2019ರಲ್ಲಿ ಎರಡು ಪಂದ್ಯ ಕಮ್ಮಿ ಆಡಿಯೂ 3,725. ನವೆಂಬರ್ 9ರಂದು ಟಸ್ಕಲೂಸಾದಲ್ಲಿ ಎರಡೂ ತಂಡ ಎದುರಾದಾಗ ಡೆವಾಂಟಾ ಸ್ಮಿತ್ 213 ಯಾರ್ಡ್ ಬಾರಿಸಿದರು. ಎಲ್‌ಎಸ್‌ಯು 46–41ಕ್ಕೆ ಗೆದ್ದಿತು.

ರಿಸೀವರ್ ಪಟ್ಟಿಯನ್ನು ತಂಡದ ಪಟ್ಟಿ ಅಂದುಕೊಳ್ಳಬೇಡಿ. 2024ರ ನವೆಂಬರ್ 30ರಂದು ಕೊಲಂಬಸ್‌ನಲ್ಲಿ ಜೆರಮೈಯಾ ಸ್ಮಿತ್, ಎಗ್ಬುಕಾ ಇದ್ದ ಒಹಾಯೋ ಸ್ಟೇಟ್ ಎದುರು ಮಿಶಿಗನ್ ಪಾಸ್‌ನಲ್ಲಿ ಗಳಿಸಿದ್ದು 62 ಯಾರ್ಡ್. ಪಂದ್ಯ 13–10ಕ್ಕೆ ಮಿಶಿಗನ್ ಪಾಲಾಯಿತು. ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾ?

ಹಾಳೆಯ ಮೇಲೆ ತಾರೀಕು ಹಾಕಿ, ಎಲ್ಲಾದರೂ ಎತ್ತಿಡಿ. ಜನವರಿಯಲ್ಲಿ ತೆಗೆದು ಬೇರೆ ಬಣ್ಣದ ಪೆನ್ನಿನಿಂದ ನಿಜವಾದ ಲೆಕ್ಕ ಬರೆಯಿರಿ. ನನ್ನ 2019ರ ಹಾಳೆ ಈಗಲೂ ಇದೆ, ಮೂಲೆಯಲ್ಲಿ ಸಾಂಬಾರಿನ ಕಲೆ. ಜಮಾರ್ ಚೇಸ್ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ 84 ಕ್ಯಾಚ್, 1,780 ಯಾರ್ಡ್, 20 ಟಚ್‌ಡೌನ್ ಅಂತ ಇದೆ. ಅದರ ಪಕ್ಕ, ಆಗಸ್ಟ್‌ನ ನೀಲಿ ಪೆನ್ನಿನಲ್ಲಿ ಒಂದೇ ಪದ: ನೋಡೋಣ.